ಅಮೆರಿಕದ ಫೋನಿಗೆ ನಮ್ಮ ಸಿಮ್ ಆಗಿ ಬರಲಿಲ್ಲ

ನಮ್ಮ ಮಂಗಳೂರು ಕಡೆ ಹೊರದೇಶದ ಫೋನ್ ಅಂದರೆ ಗಲ್ಫ್ ಫೋನ್. ದುಬೈಯಿಂದಲೋ ಮಸ್ಕತ್‌ನಿಂದಲೋ ಯಾರಾದರೂ ರಜೆಗೆ ಬಂದರೆ ಸೂಟ್‌ಕೇಸಿನಲ್ಲಿ ಒಂದಾದರೂ ಇರುತ್ತದೆ, ಇಲ್ಲಿನ ಸಿಮ್ ಹಾಕಿದರೆ ಮುಗಿಯಿತು. ಹಾಗಾಗಿ ಅಮೆರಿಕದ ಭಾವ ಹೊರಡುವ ದಿನ ತಮ್ಮ ಹಳೇ ಐಫೋನ್ 12 ನನ್ನ ಕೈಗಿಟ್ಟಾಗ ನಾನೇನೂ ಕೇಳಲಿಲ್ಲ. ರಾತ್ರಿ ಸಿಮ್ ಹಾಕಿದೆ. 'ಸಿಮ್ ನಾಟ್ ಸಪೋರ್ಟೆಡ್' ಅಂತ ಬಂತು. ಅಮ್ಮನ ಸಿಮ್ ಹಾಕಿದೆ, ತಂಗಿಯ ಸಿಮ್ ಹಾಕಿದೆ, ಅದೇ ಕಥೆ. ಭಾವ ಅಷ್ಟರಲ್ಲಿ ಬಜ್ಪೆಯಿಂದ ವಿಮಾನ ಹತ್ತಿಯಾಗಿತ್ತು.

ಮರುದಿನ ಹಂಪನಕಟ್ಟೆಯ ಒಂದು ಅಂಗಡಿಗೆ ಹೋದೆ. "ಇದು ಲಾಕ್ ಉಂಟು ಸರ್, ಚಿಪ್ ಹಾಕಿ ಕೊಡ್ತೇನೆ" ಅಂದ ಹುಡುಗ. ಮನೆಯಲ್ಲಿ ಇದನ್ನು ಹೇಳಿದರೆ ಅಮ್ಮ, "ಪಾಸ್‌ವರ್ಡ್ ನಿನಗೆ ಗೊತ್ತುಂಟಲ್ಲ, ಮತ್ತೆಂತ ಲಾಕ್?" ಎಂದರು. ಆ ಲಾಕ್ ಬೇರೆ, ಈ ಲಾಕ್ ಬೇರೆ. ಅಲ್ಲಿ ಹೆಚ್ಚಿನವರು ಫೋನನ್ನು ಸಿಮ್ ಕಂಪನಿಯಿಂದಲೇ ಕಂತಿನಲ್ಲಿ ತೆಗೆದುಕೊಳ್ಳುತ್ತಾರೆ. ಕಂತು ಮುಗಿಯುವವರೆಗೆ ಬೇರೆ ಕಂಪನಿಗೆ ಓಡದಂತೆ ಫೋನಿಗೇ ಬೀಗ. ಸಾಲದಲ್ಲಿ ಬೈಕ್ ಕೊಟ್ಟು, ನಮ್ಮ ಪಂಪಿನ ಪೆಟ್ರೋಲನ್ನೇ ಹಾಕಬೇಕು ಅಂದ ಹಾಗೆ.

ಚಿಪ್ ಅಂದರೆ ಉಗುರಿನಷ್ಟು ತೆಳು ಹಾಳೆ. ಸಿಮ್ ಜೊತೆ ಅದೇ ಟ್ರೇನಲ್ಲಿ ಕೂರುತ್ತದೆ, ಇದು ಅಮೆರಿಕದ ಕಂಪನಿಯದ್ದೇ ಸಿಮ್ ಅಂತ ಫೋನಿಗೆ ಸುಳ್ಳು ಹೇಳುತ್ತದೆ. 1,200 ರೂಪಾಯಿ ಕೊಟ್ಟೆ. ಮೂರು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ರಾತ್ರಿ ಫೋನ್ ಅಪ್‌ಡೇಟ್ ಕೇಳಿತು, ನಾನು ಸುಮ್ನೆ ಸರಿ ಅಂತ ಒತ್ತಿದೆ, ಬೆಳಿಗ್ಗೆ ನೋಡಿದರೆ ನೆಟ್‌ವರ್ಕ್ ಇಲ್ಲ. ಅಂಗಡಿಯವನು ಇನ್ನೊಂದು ಚಿಪ್ ಹಾಕೋಣ ಅಂದ. ಬೇಡ ಮಾರಾಯ ಅಂದೆ.

ಹಳೇ ಕೀಪ್ಯಾಡ್ ಫೋನಿನ ಕಾಲದಲ್ಲಿ ಒಂದು ಕೋಡ್ ಒತ್ತಿದರೆ ಬೀಗ ಬಿಡುತ್ತಿತ್ತು. ಕೆಲವು ಸಲ ತಪ್ಪು ಕೋಡ್ ಒತ್ತಿದರೆ ಪೂರ್ತಿ ಜಾಮ್ ಆಗುತ್ತಿತ್ತು, ಅದು ಬೇರೆ ಮಾತು. ಐಫೋನಿನಲ್ಲಿ ಕೋಡ್ ಒತ್ತುವ ಕೆಲಸವೇ ಇಲ್ಲ. ಪ್ರತಿ ಫೋನಿಗೂ ಐಎಂಇಐ ಅಂತ ಒಂದು ಗುರುತಿನ ನಂಬರ್ ಇರುತ್ತದೆ. ನಮ್ಮ ಫೋನಿನ ಆ ನಂಬರಿಗೆ ಬೀಗ ಇದೆಯೋ ಇಲ್ಲವೋ ಅನ್ನುವುದು ಆಪಲ್‌ನ ಸರ್ವರ್‌ನಲ್ಲಿ ಬರೆದಿರುತ್ತದೆ, ಅದನ್ನು ಬದಲಾಯಿಸಿ ಅಂತ ಹೇಳಬೇಕಾದ್ದು ಬೀಗ ಹಾಕಿದ ಕಂಪನಿಯೇ. ಹಂಪನಕಟ್ಟೆಯಲ್ಲಿ ಕೂತು ಯಾರೂ ಅದನ್ನು ತೆಗೆಯಲಾಗುವುದಿಲ್ಲ.

ಕೊನೆಗೆ ಭಾವನಿಗೆ ಫೋನ್ ಮಾಡಿದೆ. ನೋಡಿದರೆ 36 ತಿಂಗಳ ಕಂತಿನಲ್ಲಿ ನಾಲ್ಕು ಬಾಕಿ! ಪೂರ್ತಿ ಕಟ್ಟದೆ ಬೀಗ ತೆಗೆಯುವುದಿಲ್ಲ ಅಂದರಂತೆ ಕಂಪನಿಯವರು. ಕೊಟ್ಟ ಉಡುಗೊರೆಗೆ ಮತ್ತೆ ದುಡ್ಡು ಹಾಕಿಸಿದ್ದಕ್ಕೆ ನನಗೇ ನಾಚಿಕೆ. *#06# ಒತ್ತಿ ಬಂದ 15 ಅಂಕಿಯ ಐಎಂಇಐ ಕಳಿಸಿದೆ, ಅವರು ಬಾಕಿ ಕಟ್ಟಿ ಆನ್‌ಲೈನ್ ಅರ್ಜಿ ಹಾಕಿದರು. ಎರಡು ದಿನ ಬಿಟ್ಟು ನನ್ನ ಸಿಮ್ ಹಾಕಿ, ವೈಫೈಗೆ ಜೋಡಿಸಿ, ಸೆಟ್ಟಿಂಗ್ಸ್‌ನ ಜನರಲ್‌ನೊಳಗೆ ಅಬೌಟ್ ತೆರೆದೆ. ಕ್ಯಾರಿಯರ್ ಲಾಕ್ ಎದುರು 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇತ್ತು, ಅಂದರೆ ಬೀಗ ಹೋಗಿತ್ತು.

ಕೆನಡಾದಲ್ಲಿ 2017ರ ಡಿಸೆಂಬರಿನಿಂದ, ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಕಂಪನಿಗಳು ಬೀಗ ಹಾಕಿದ ಫೋನ್ ಮಾರುವಂತಿಲ್ಲ. ಅಮೆರಿಕದಲ್ಲಿ 2013ರ ಜನವರಿಯಲ್ಲಿ, ಕಂಪನಿಯ ಒಪ್ಪಿಗೆ ಇಲ್ಲದೆ ಹೊಸ ಫೋನಿನ ಬೀಗ ತೆಗೆಯುವುದೇ ಕಾನೂನಿಗೆ ವಿರುದ್ಧವಾಗಿತ್ತು, ಜನ ಗಲಾಟೆ ಮಾಡಿದ ಮೇಲೆ 2014ರಲ್ಲಿ ಕಾನೂನು ಬದಲಾಯಿತು. ನಮ್ಮಲ್ಲೂ ಇದು ಇಲ್ಲವೇ ಇಲ್ಲ ಅಂತಲ್ಲ, 2017ರ ಜಿಯೋಫೋನ್ ಜಿಯೋ ಸಿಮ್ಮಿಗೆ ಮಾತ್ರ. ಆದರೆ ಅದನ್ನು ಕೊಂಡವರಿಗೆ ಅದು ಮೊದಲೇ ಗೊತ್ತಿತ್ತು ಅಲ್ವಾ.

ಅಂದ ಹಾಗೆ, ಐಫೋನ್ 14ರಿಂದ ಈಚೆಗೆ ಅಮೆರಿಕದ ಮಾಡೆಲ್‌ಗಳಲ್ಲಿ ಸಿಮ್ ಟ್ರೇಯೇ ಇಲ್ಲ, ಫೋನಿನೊಳಗೇ ಇರುವ ಇಸಿಮ್ ಮಾತ್ರ. ಅಲ್ಲಿ ಈ ಚಿಪ್ ತೂರಿಸಲಿಕ್ಕೆ ಜಾಗವೂ ಇಲ್ಲ.

ಭಾವ ಡಿಸೆಂಬರಿನಲ್ಲಿ ಮತ್ತೆ ಬರುತ್ತಾರೆ, ತಂಗಿಗೆ ಒಂದು ಫೋನ್ ತರುತ್ತಾರಂತೆ. ಹೊರಡುವ ಮೊದಲು ಅಬೌಟ್ ಪುಟದ ಸ್ಕ್ರೀನ್‌ಶಾಟ್ ಕಳಿಸಿ ಅಂತ ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಟಿಕ್ ಬಿದ್ದಿವೆ, ಉತ್ತರ ಇನ್ನೂ ಬಂದಿಲ್ಲ.