ರೆಕ್ಕೆ ಹಿಡಿಯುವ ಕೆಲಸ

ಫೆಬ್ರವರಿ 23, 2025, ಭಾನುವಾರ
ಧಾರವಾಡ

ಸಂಜೆ ಸಿಂಧು ಫೋನ್ ಮಾಡಿದ್ದಳು. ಕೊನೆಗೂ ಬೆಂಗಳೂರಿನ ಜಕ್ಕೂರಿನಲ್ಲಿ ಅವಳನ್ನು ಮೈಕ್ರೋಲೈಟ್ ಅನ್ನುವ ಪುಟ್ಟ ಎಂಜಿನ್ ವಿಮಾನ ಹತ್ತಿಸಿದರಂತೆ. ಏರೋ ಇಂಡಿಯಾ ವಿಮಾನ ಪ್ರದರ್ಶನ ಮುಗಿಯುವ ತನಕ ಅಲ್ಲಿ ಹಾರಾಟ ಬಂದ್ ಇತ್ತು. ಕಾದು ಕಾದು ಹುಡುಗಿಗೆ ಸಾಕಾಗಿತ್ತು. "ದೊಡ್ಡಪ್ಪ, ಜಕ್ಕೂರು ಕೆರೆ ಪೂರ್ತಿ ಕಾಣ್ತು, ಆ ಕಡೆ ರಾಚೇನಹಳ್ಳಿ ಕೆರೆನೂ ಕಾಣ್ತು" ಅಂತ ಒಂದೇ ಉಸಿರಿಗೆ ಹೇಳಿದಳು. ನನಗೂ ಖುಷಿಯಾಯಿತು. ನಮ್ಮ ಮನೆಯಲ್ಲಿ ನನ್ನ ನಂತರ ಎನ್‌ಸಿಸಿಯ ಏರ್ ವಿಂಗ್ ಸೇರಿದವಳು ಅವಳೊಬ್ಬಳೇ.

ಆಮೇಲೆ ದನಿ ಇಳಿಯಿತು. "ಹಾರಿದ್ದು ಸ್ವಲ್ಪವೇ ಹೊತ್ತು. ಮಿಕ್ಕ ದಿನವೆಲ್ಲ ಬಿಸಿಲಲ್ಲಿ ನಿಲ್ಲೋದು, ವಿಮಾನ ತಳ್ಳೋದು, ಒರೆಸೋದು. ಸುಮ್ನೆ ಟೈಮ್ ವೇಸ್ಟ್ ಅಲ್ವಾ ದೊಡ್ಡಪ್ಪ?"

ಏನೋ ಹೇಳೋಣ ಅನ್ನುವಷ್ಟರಲ್ಲಿ ಹಾಸ್ಟೆಲಿನಲ್ಲಿ ಊಟಕ್ಕೆ ಕರೆದರು, ಇಟ್ಟುಬಿಟ್ಟಳು. ಆಗಿನಿಂದ ಅದೇ ಮಾತು ತಲೆಯಲ್ಲಿ ಕೂತಿದೆ. ಊಟವೂ ಸರಿಯಾಗಿ ಸೇರಲಿಲ್ಲ. ನನ್ನವಳು ಧಾರಾವಾಹಿ ಮುಗಿಸಿ ಮಲಗಿದಳು. ನಾನು ಬರೆಯಲು ಕೂತೆ.

ನಾನು ಹಾರಲು ಕಲಿತದ್ದು ಗ್ಲೈಡರ್‌ನಲ್ಲಿ, ಅಂದರೆ ಎಂಜಿನ್ ಇಲ್ಲದ ವಿಮಾನದಲ್ಲಿ, ಹಡಪಸರದ ಗ್ಲೈಡಿಂಗ್ ಸೆಂಟರಿನಲ್ಲಿ. ಪುಣೆಯಿಂದ ಸಾಸ್ವಡಕ್ಕೆ ಹೋಗುವ ರಸ್ತೆಯ ಬದಿಗೆ ಆ ಮೈದಾನ. ಅಪ್ಪ ಆಗ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದರು. ಭಾನುವಾರ ಇನ್ನೂ ಕತ್ತಲಿರುವಾಗಲೇ ಸೈಕಲ್ ಹತ್ತಿದರೆ ಬೆಳಕು ಹರಿಯುವಾಗ ಹಡಪಸರ. ಈಗ ಅಲ್ಲೆಲ್ಲ ಮಗರಪಟ್ಟಾ, ಐಟಿ ಕಂಪನಿ, ಮುಗಿಲೆತ್ತರದ ಕಟ್ಟಡಗಳು. 1980ರಲ್ಲಿ ಕಾಲುವೆ ನೀರು, ಕಬ್ಬು, ತರಕಾರಿ ಹೊಲ. ಎನ್‌ಸಿಸಿ ಶುರುವಾಗಿದ್ದು 1948ರಲ್ಲಿ, ಏರ್ ವಿಂಗ್ 1950ರಲ್ಲಿ. ನಾನು ಸೇರುವ ಹೊತ್ತಿಗೆ ಏರ್ ವಿಂಗ್‌ಗೆ 30 ವರ್ಷ ತುಂಬಿತ್ತು. ಆ ಆಕಾಶ ಬಣ್ಣದ ಅಂಗಿ ಹಾಕಿಕೊಂಡ ದಿನ ನಮ್ಮ ಕ್ವಾರ್ಟರ್ಸ್‌ನಲ್ಲಿ ನಾನು ನಡೆಯುವ ರೀತಿಯೇ ಬೇರೆಯಾಗಿತ್ತು ಅಂತ ಅವ್ವ ಕಡೆಯವರೆಗೂ ಹೇಳುತ್ತಿದ್ದಳು.

ನಮ್ಮ ಗ್ಲೈಡರ್ ಹೆಸರು ರೋಹಿಣಿ. ಪೂರ್ತಿ ನಮ್ಮ ದೇಶದ್ದೇ. ದೆಹಲಿಯಲ್ಲಿ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರವಿತ್ತಲ್ಲ, ಅಲ್ಲಿ ಎಸ್. ರಾಮಾಮೃತಂ ಅವರು ಇದನ್ನು ರೂಪಿಸಿದರು. ಮೊದಲು ಹಾರಿದ್ದು 1961ರಲ್ಲಿ. ಅಶ್ವಿನಿ, ರೋಹಿಣಿ, ಮೃಗಶೀರ, ಆರ್ದ್ರಾ, ಹೀಗೆ ನಕ್ಷತ್ರಗಳ ಹೆಸರೇ ಆ ಕೇಂದ್ರದ ಗ್ಲೈಡರ್‌ಗಳಿಗೆ. ಊರಿಂದ ಬಂದಿದ್ದ ಕಾಕಾಗೆ ಇದನ್ನು ಹೇಳಿದಾಗ ಅವರು, "ರೋಹಿಣಿ ಮಳಿ ಬಂದ್ರ ಓಣಿಯೆಲ್ಲಾ ಜ್ವಾಳ, ಚೊಲೋ ಹೆಸರು ಬಿಡಪಾ" ಅಂದಿದ್ದರು.

ಕಟ್ಟಿಗೆ, ಪ್ಲೈವುಡ್, ಮೇಲೆ ಬಣ್ಣ ಹಚ್ಚಿದ ಬಟ್ಟೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 16 ಮೀಟರ್‌ಗಿಂತ ಜಾಸ್ತಿ. ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಡಗ್ಗದ ಹಾಗೆ ಸದ್ದು. ಸೀಟು ಎರಡೂ ಅಕ್ಕಪಕ್ಕ, ಹಿಂದೆ ಮುಂದೆ ಅಲ್ಲ. ಹೀಗಾಗಿ ಕಲಿಸುವವರ ಕೈ, ಕಾಲು, ಮುಖ ಎಲ್ಲ ಕಾಣುತ್ತಿತ್ತು. ಇನ್‌ಸ್ಟ್ರಕ್ಟರ್ ಸರ್ ಬಾಯಲ್ಲಿ ಹೇಳಿಕೊಟ್ಟಿದ್ದು ಕಮ್ಮಿ. ಅವರ ಬಲಗೈ ತೊಡೆಯ ಮೇಲೆ ಸುಮ್ಮನೆ ಇದ್ದರೆ ನಾವು ಸರಿ ಇದ್ದೇವೆ ಅಂತ ಅರ್ಥ.

ಈಗ ಸಿಂಧು ಕೇಳಿದ್ದಕ್ಕೆ ಬರುತ್ತೇನೆ.

ಗ್ಲೈಡರ್‌ಗೆ ಎಂಜಿನ್ ಇಲ್ಲ. ಅದನ್ನು ಮೇಲಕ್ಕೆ ಎಳೆಯುವ ಎಂಜಿನ್ ಮೈದಾನದ ಇನ್ನೊಂದು ತುದಿಯಲ್ಲಿ, ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ದೂರ. ಅದೇ ವಿಂಚ್. ದೊಡ್ಡ ಡ್ರಮ್, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಆ ಹಗ್ಗದ ತುದಿಯನ್ನು ಗಾಡಿಗೆ ಕಟ್ಟಿ ನಮ್ಮ ಕಡೆ ಎಳೆದು ತರಬೇಕು. ಒಬ್ಬರು ಹೊಟ್ಟೆಯಡಿ ಕೂತು ಅದನ್ನು ಕೊಕ್ಕೆಗೆ ಸಿಕ್ಕಿಸಬೇಕು, ಬಿಡಿಸಿ ನೋಡಬೇಕು, ಮತ್ತೆ ಸಿಕ್ಕಿಸಬೇಕು. ಒಬ್ಬರು ರೆಕ್ಕೆ ಎತ್ತಿ ಹಿಡಿಯಬೇಕು, ಏಕೆಂದರೆ ಗ್ಲೈಡರ್‌ಗೆ ನಡುವೆ ಒಂದೇ ಚಕ್ರ, ಬಿಟ್ಟರೆ ಒಂದು ಕಡೆ ವಾಲಿ ಮಲಗುತ್ತದೆ. ಒಬ್ಬರು ಬಾವುಟ ಬೀಸಬೇಕು. ಒಬ್ಬರು ಆಕಾಶ ನೋಡಿ ಬೇರೆ ಯಾರೂ ಇಳಿಯುತ್ತಿಲ್ಲ ಅಂತ ಕೂಗಿ ಹೇಳಬೇಕು. ಒಬ್ಬರು ಟೈಮ್ ಬರೆಯಬೇಕು. ಇಳಿದ ಗ್ಲೈಡರನ್ನು ಮತ್ತೆ ಶುರುವಿನ ಜಾಗಕ್ಕೆ ತಳ್ಳಿಕೊಂಡು ಬರಲು ನಾಲ್ಕೈದು ಜನ. ಇಷ್ಟೆಲ್ಲ ಆದಮೇಲೆ ಒಬ್ಬನಿಗೆ ಸಿಗುವುದು ಐದಾರು ನಿಮಿಷ. ಮತ್ತೆ ಅವನ ಸರದಿ ಬರುವುದು ಮಧ್ಯಾಹ್ನಕ್ಕೋ, ಮುಂದಿನ ವಾರಕ್ಕೋ.

ಹಾಗಾದರೆ ಮಿಕ್ಕ ಹೊತ್ತು ವೇಸ್ಟಾ?

ವಿಂಚ್ ಮಾಮಾ ನೆನಪಾಗುತ್ತಾರೆ. ಎಲ್ಲರೂ ಅವರನ್ನು ಮಾಮಾ ಅಂತಲೇ ಕರೆಯುತ್ತಿದ್ದದ್ದು. ತಂತಿ ಬಲೆಯ ಗೂಡಿನೊಳಗೆ ಕೂತಿರುತ್ತಿದ್ದರು. ಹಗ್ಗ ಕಿತ್ತು ಚಾಟಿಯಂತೆ ಹಿಂದಕ್ಕೆ ಬಂದರೆ ಮುಖಕ್ಕೆ ಬಡಿಯಬಾರದಲ್ಲ, ಅದಕ್ಕೆ ಆ ಬಲೆ. ಡ್ಯೂಟಿ ಹಾಕಿದಾಗ ನಾನು ಅವರ ಹತ್ತಿರ ನಿಂತು ನೋಡಿದ್ದೇನೆ. ದೂರದಲ್ಲಿ ಬಾವುಟ ತೊಡೆಯ ಮಟ್ಟದಲ್ಲಿ ಆಡಿದರೆ ಮೆಲ್ಲಗೆ ಹಗ್ಗದ ಸಡಿಲ ಎಳೆದುಕೊಳ್ಳುವರು. ಹಗ್ಗ ಬಿಗಿಯಾಯಿತು ಅನ್ನುವಾಗ ಬಾವುಟ ತಲೆಯ ಮೇಲೆ. ಆಗ ಪೂರ್ತಿ ಕೊಡುವರು. ಗ್ಲೈಡರ್ ಗಾಳಿಪಟದ ಹಾಗೆ ಮೂಗೆತ್ತಿ ಏರತೊಡಗುತ್ತದೆ. ಆಮೇಲೆ ಮಾಮಾ ನೋಡುತ್ತಿದ್ದದ್ದು ಹಗ್ಗದ ಬಾಗು, ಕೇಳುತ್ತಿದ್ದದ್ದು ಎಂಜಿನ್ನಿನ ಸದ್ದು. ಎದುರುಗಾಳಿ ಜಾಸ್ತಿ ಇದ್ದರೆ ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಮೇಲೆ ಕೂತಿರುವ ಹುಡುಗ ಹೊಸಬನೋ ಹಳಬನೋ ಅನ್ನುವುದು ಅವರಿಗೆ ಒಂದು ಕಿಲೋಮೀಟರ್ ದೂರದಿಂದ ಗೊತ್ತಾಗುತ್ತಿತ್ತು. ಸಂಜೆ ಚಹಾ ಕುಡಿಯುವಾಗ, "ಬಾಳಾ, ನೀನು ಇವತ್ತು ಎರಡನೇ ಸಲ ತುಂಬಾ ಬೇಗ ಮೂಗು ಎತ್ತಿದೆ" ಅನ್ನುವರು. ಸರ್ ಕೂಡ ಅದನ್ನೇ ಹೇಳಿರುತ್ತಿದ್ದರು.

ಅವರ ಹತ್ತಿರ ನಿಂತ ಮೇಲೆಯೇ ನನಗೆ ಏರುವುದು ಅಂದರೆ ಏನು ಅಂತ ಅರ್ಥವಾಗಿದ್ದು. ಒಳಗೆ ಕೂತಾಗ ಕಾಣುವುದು ಬರೀ ಆಕಾಶ.

ಸಾವಿರ ಅಡಿಯ ಹತ್ತಿರ ಬಂದಾಗ ಎಳೆತ ಕಮ್ಮಿಯಾಗುತ್ತದೆ. ಮೂಗು ಇಳಿಸಿ, ಹಿಡಿ ಎಳೆದರೆ ಠಕ್ ಅಂತ ಹಗ್ಗ ಬಿಡುತ್ತದೆ. ಹಗ್ಗದ ತುದಿಯ ಪುಟ್ಟ ಪ್ಯಾರಾಚೂಟ್ ಬಿಚ್ಚಿಕೊಂಡು ಕೆಳಗೆ ಹೋಗುತ್ತದೆ. ಆಮೇಲೆ ಗಾಳಿ ಸೀಟಿ ಹೊಡೆಯುವ ಸದ್ದು ಮಾತ್ರ. ಆ ಸದ್ದೇ ವೇಗ ಹೇಳುತ್ತದೆ. ಕೆಳಗೆ ನಾಯಿ ಬೊಗಳಿದ್ದು ಕೇಳುತ್ತದೆ, ಯಾರೋ ದನ ಕರೆಯುವುದು ಕೇಳುತ್ತದೆ. ಸಿಂಧು ಹಾರಿದ್ದರಲ್ಲಿ ಇದು ಸಿಕ್ಕಿರಲಿಕ್ಕಿಲ್ಲ. ಇದೊಂದಕ್ಕೆ ನನಗೆ ನಿಜವಾಗಿಯೂ ಬೇಜಾರಿದೆ. ಮೈಕ್ರೋಲೈಟ್ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಎಂಜಿನ್ ಇದ್ದಾಗ ಗಾಳಿಯನ್ನು ಇಷ್ಟು ಹತ್ತಿರದಿಂದ ಓದಲೇಬೇಕು ಅಂತ ಇರುವುದಿಲ್ಲ. ಇಳಿಯುವುದು ತಪ್ಪಿದರೆ ಇನ್ನೊಂದು ಸುತ್ತು ಹೊಡೆದು ಬರಬಹುದು. ಗ್ಲೈಡರ್‌ಗೆ ಒಂದೇ ಅವಕಾಶ.

ಗ್ಲೈಡರನ್ನು ಎತ್ತುವ, ನೆಲದಿಂದ ಮೇಲೇಳುವ ಬಿಸಿಗಾಳಿ ಹುಡುಕುವುದನ್ನು ಅಪ್ಪ ನನಗಿಂತ ಬೇಗ ತಿಳಿದುಕೊಂಡರು. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದೆ. ಕಬ್ಬಿನ ಹೊಲದ ಮೇಲೆ ಹೋದರೆ ಗ್ಲೈಡರ್ ಇಳಿಯುತ್ತದೆ, ಉತ್ತು ಬಿಟ್ಟ ಎರೆಹೊಲದ ಮೇಲೆ ಹೋದರೆ ಕೆಳಗಿನಿಂದ ಯಾರೋ ಎತ್ತಿದ ಹಾಗಾಗುತ್ತದೆ ಅಂತ. ಅಪ್ಪ ಹೇಳಿದರು:

"ಎರಿ ಭೂಮಿ ಮಧ್ಯಾನ್ಹ ಕಾದಿರ್ತೈತಿ. ಕಬ್ಬಿನಾಗ ನೀರಿರ್ತೈತಿ, ಅದು ಹೆಂಗ ಕಾಯಬೇಕು?"

"ಹದ್ದು ಸುತ್ತೋದೂ ಅಲ್ಲೇ ಅಪ್ಪ. ರೆಕ್ಕೆನೇ ಬಡಿಯಲ್ಲ."

"ಹೊಲದಾಗ ಅದನ್ನ ನೋಡೇ ಬೆಳದೀನಿ. ಯಾಕ ಅಂತ ಇವತ್ತ ತಿಳೀತು."

ಅಷ್ಟೇ ಮಾತು. ಅಪ್ಪ ವಿಮಾನ ಹತ್ತಿದವರೇ ಅಲ್ಲ.

ಇನ್ನೊಂದು. ಆಷಾಢ ಏಕಾದಶಿಗೆ ಪಂಢರಪುರ ಸೇರಲು ಜ್ಞಾನೇಶ್ವರ ಮಹಾರಾಜರ ಪಾಲಕಿ ಪುಣೆ ಬಿಟ್ಟು ಹಡಪಸರದ ಮೇಲೆ, ದಿವೆ ಘಾಟ್ ಹತ್ತಿ ಸಾಸ್ವಡಕ್ಕೆ ಹೋಗುತ್ತದೆ. ಅವತ್ತು ನಾವೆಲ್ಲ ರಸ್ತೆಗೆ ಹೋಗಿ, ಪಾಲಕಿಯ ಜೊತೆ ನಡೆಯುವ ವಾರಕರಿ ಭಕ್ತರಿಗೆ ನೀರು ಕೊಟ್ಟೆವು. ಮಧ್ಯಾಹ್ನ ಮೋಡ ಸರಿದು ಸ್ವಲ್ಪ ಹೊತ್ತು ಹಾರಾಟ ನಡೆಯಿತು. ತಿರುವಿನಲ್ಲಿ ರೆಕ್ಕೆ ಬಾಗಿದಾಗ ದೂರದಲ್ಲಿ ಘಾಟಿನ ರಸ್ತೆಯುದ್ದಕ್ಕೂ ಬಿಳಿ ಗೆರೆ. ಪೂರ್ತಿ ಜನ. ಮನೆಗೆ ಬಂದ ತಕ್ಷಣ ಅವ್ವ ಕೇಳಿದ್ದು ನಾನು ಹೇಗೆ ಹಾರಿದೆ ಅಂತ ಅಲ್ಲ. "ಮ್ಯಾಲಿಂದ ಪಾಲಕಿ ಕಂಡ್ತೇನೋ?" ಕಂಡಿತು ಅಂದೆ. ಕೈಯೆತ್ತಿ ಮುಗಿದಳು, ನನಗೋ ಪಾಂಡುರಂಗನಿಗೋ ಗೊತ್ತಾಗಲಿಲ್ಲ. ಅವ್ವ ಹೋಗಿ ಬರುವ ತಿಂಗಳಿಗೆ ವರ್ಷವಾಗುತ್ತದೆ. ತಮ್ಮನಿಗೆ ನಾಳೆ ಫೋನ್ ಮಾಡಿ ದಿನ ಗೊತ್ತುಮಾಡಬೇಕು.

ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿಕೊಂಡು ಬರೆಯುತ್ತಿದ್ದೇನೆ.

ದಿಲೀಪನ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದು, ಮಾತು ಎಲ್ಲೆಲ್ಲೋ ಹೋಯಿತು. ದಿಲೀಪ ನಮ್ಮ ಬ್ಯಾಚಿನವನು. ಮೆಡಿಕಲ್‌ನಲ್ಲಿ ಕಣ್ಣಿಗೆ ಸಂಬಂಧಿಸಿ ಏನೋ ತೊಂದರೆ ಬಂತು. ಸರ್ ಜೊತೆ ಕೂತು ಹಾರಬಹುದು, ಒಬ್ಬನೇ ಹಾರುವಂತಿಲ್ಲ ಅಂದರು. ಬೇರೆ ಯಾರಾದರೂ ಆಗಿದ್ದರೆ ಬರುವುದನ್ನೇ ಬಿಡುತ್ತಿದ್ದರು. ಅವನು ಒಂದು ಭಾನುವಾರವೂ ತಪ್ಪಿಸಲಿಲ್ಲ. ರೆಕ್ಕೆ ಹಿಡಿದು ಓಡುವುದರಲ್ಲಿ ಅವನಷ್ಟು ಚೊಕ್ಕ ಯಾರೂ ಇರಲಿಲ್ಲ. ರೆಕ್ಕೆಯ ತುದಿಯನ್ನು ಗಟ್ಟಿ ಹಿಡಿಯಬಾರದು, ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಓಡುವಾಗ ಹಿಂದಕ್ಕೆ ಎಳೆದರೆ ಗ್ಲೈಡರ್ ನಮ್ಮ ಕಡೆಗೇ ತಿರುಗುತ್ತದೆ. ಅದು ತಾನೇ ಸಮತೋಲ ಹಿಡಿಯಿತು ಅನ್ನುವ ಕ್ಷಣಕ್ಕೆ ಬಿಡಬೇಕು, ಮುಂಚೆಯೂ ಅಲ್ಲ, ಆಮೇಲೂ ಅಲ್ಲ. ಇದನ್ನು ನನಗೆ ಕಲಿಸಿದ್ದು ಸರ್ ಅಲ್ಲ, ದಿಲೀಪ.

ನಾನು ಒಬ್ಬನೇ ಹಾರಿದ ದಿನ ರೆಕ್ಕೆ ಹಿಡಿದವನೂ ಅವನೇ. ಬೆಳಿಗ್ಗೆ ಸರ್, ಹಗ್ಗ ಕಿತ್ತರೆ ಏನು ಮಾಡಬೇಕು ಅನ್ನುವ ಅಭ್ಯಾಸ ಮಾಡಿಸಿದ್ದರು. ಏರುತ್ತಿರುವಾಗಲೇ ಹೇಳದೆ ಕೇಳದೆ ಹಿಡಿ ಎಳೆದುಬಿಡುವುದು. ಮೊದಲ ಕೆಲಸ ಮೂಗು ಕೆಳಕ್ಕೆ, ವೇಗ ಬಂದ ಮೇಲೆ ಯೋಚನೆ. ಇಳಿದ ಮೇಲೆ ಅವರು ಏನೂ ಹೇಳದೆ ಬೆಲ್ಟ್ ಬಿಚ್ಚಿ ಹೊರಗೆ ಹೋದರು. ಖಾಲಿ ಸೀಟಿನ ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಬಿಗಿಯಾಗಿ ಎಳೆದರು. ಸಡಿಲ ಬಿಟ್ಟರೆ ಅವು ಗ್ಲೈಡರ್ ನಡೆಸುವ ಸ್ಟಿಕ್‌ಗೆ ಸಿಕ್ಕಿಕೊಳ್ಳುತ್ತವೆ. ಆ ಬಕಲ್ ಮುಚ್ಚಿದ ಸದ್ದು ಕೇಳಿದಾಗಲೇ ನನಗೆ ತಿಳಿದಿದ್ದು. "ಹಗುರ ಇರುತ್ತೆ, ಬೇಗ ಏರುತ್ತೆ, ಗಾಬರಿ ಬೇಡ" ಅಂತ ಹಿಂದಿಯಲ್ಲಿ ಹೇಳಿ ದೂರ ಸರಿದರು.

ನಾನು ಎಡಕ್ಕೆ ನೋಡಿದೆ. ರೆಕ್ಕೆಯ ತುದಿಯಲ್ಲಿ ದಿಲೀಪ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಬೇಸರವೂ ಇರಲಿಲ್ಲ. ಕಣ್ಣು ಪೂರ್ತಿ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಮೇಲೆ. ನನ್ನ ಪಾಲಿನ ಗಾಳಿಯನ್ನು ಅವನು ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದ, ನಾನು ಹೆಬ್ಬೆರಳು ಎತ್ತಿದೆ, ಅವನು ರೆಕ್ಕೆ ಎತ್ತಿದ. ಮುಂದಿನದು ಮೂರು ಹೆಜ್ಜೆಯೋ ನಾಲ್ಕೋ ಅವನು ಓಡಿದ್ದು. ನಿಜವಾಗಿಯೂ ಗ್ಲೈಡರ್ ಬೇಗ ಏರಿತು. ಪಕ್ಕದ ಸೀಟಿನಲ್ಲಿ ತೊಡೆಯ ಮೇಲಿಟ್ಟ ಆ ಬಲಗೈ ಇರಲಿಲ್ಲ. ಭಯ ಆಯಿತಾ ಅಂದರೆ, ಆಗಲಿಲ್ಲ. ಭಯಕ್ಕೆ ಜಾಗವೇ ಇರಲಿಲ್ಲ. ವೇಗ, ಮೈದಾನ, ಎತ್ತರ, ಮತ್ತೆ ವೇಗ. ಇಳಿಯಲು ಕೊನೆಯ ತಿರುವು ತೆಗೆದುಕೊಂಡು ಏರ್‌ಬ್ರೇಕ್ ಎಳೆದಾಗ ಮಾತ್ರ ಒಂದು ಸಲ ಜೋರಾಗಿ ನಕ್ಕಿದ್ದು ನೆನಪಿದೆ. ಯಾರಿಗೂ ಕೇಳಿಸಲಿಲ್ಲ.

ನಿಂತ ಮೇಲೆ ಮೊದಲು ಓಡಿಬಂದವನು ದಿಲೀಪ. ಅಪ್ಪಿಕೊಳ್ಳಲಿಲ್ಲ. ರೆಕ್ಕೆ ಹಿಡಿದ. ಗಾಳಿ ಎದ್ದಿತ್ತು, ಗ್ಲೈಡರ್ ಮಗುಚಬಾರದು ಅಂತ. ಆಮೇಲೆ ಮೈದಾನದುದ್ದಕ್ಕೂ ಇಬ್ಬರೂ ಸೇರಿ ಅದನ್ನು ತಳ್ಳಿಕೊಂಡು ಬಂದೆವು. ದಾರಿಯಲ್ಲಿ ಕೇಳುತ್ತಲೇ ಇದ್ದ. ಹಗ್ಗ ಬಿಟ್ಟಾಗ ಎಷ್ಟು ಎತ್ತರ ಇತ್ತು? ಎರೆಹೊಲದ ಮೇಲೆ ಎತ್ತಿತಾ? ಸರ್ ಇಲ್ಲದೆ, ಮೂಗಿನ ಮಟ್ಟ ಕಾಯುವ ಟ್ರಿಮ್ ಎಲ್ಲಿಗೆ ಇಟ್ಟೆ? ಒಂದೊಂದಕ್ಕೂ ಉತ್ತರ ಹೇಳುತ್ತಾ ಹೇಳುತ್ತಾ ನನಗೇ ಹಾರಾಟ ಸರಿಯಾಗಿ ತಿಳಿಯಿತು. ಅವನು ಕೇಳದೇ ಇದ್ದಿದ್ದರೆ ಇದರಲ್ಲಿ ಅರ್ಧದಷ್ಟೂ ಇವತ್ತು ನೆನಪಿರುತ್ತಿರಲಿಲ್ಲ.

ಎಷ್ಟು ನಿಮಿಷ ಮೇಲಿದ್ದೆ ಅನ್ನುವುದು ಮಾತ್ರ ನೆನಪಿಲ್ಲ. ಲಾಗ್ ಶೀಟ್ ಬರೆಯುತ್ತಿದ್ದವನೂ ಅವನೇ, ಆ ಓರೆ ಅಕ್ಷರ ಈಗಲೂ ಕಣ್ಣಿಗೆ ಕಟ್ಟಿದೆ. ಅವನಿಗೆ ಖಂಡಿತ ನೆನಪಿರುತ್ತದೆ, ಅಂಥ ತಲೆ ಅದು. ಖಡಕಿ ಬಿಟ್ಟ ಮೇಲೆ ಒಂದೆರಡು ವರ್ಷ ಕಾಗದ ಬರುತ್ತಿತ್ತು. ಕೊಲ್ಲಾಪುರದ ಕಡೆ ಕೆಲಸ ಸಿಕ್ಕಿದೆ ಅಂತ ಬರೆದಿದ್ದ. ಅಲ್ಲಿಂದ ಇಲ್ಲಿಗೆ ಎಷ್ಟು ದೂರ, ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ... ಆ ಕಾಗದಗಳು ಅಟ್ಟದ ಟ್ರಂಕಿನಲ್ಲಿ ಇರಬೇಕು, ಅವ್ವ ಏನನ್ನೂ ಎಸೆಯುತ್ತಿರಲಿಲ್ಲ. ನಾಳೆ ಏಣಿ ಹಾಕಿ