"ಅಲ್ಲೂ ಇದೇನಾ?" ಎಂದು ಕೇಳುವ ಚಿಕ್ಕಪ್ಪನಿಗೆ

ಅಮೆರಿಕದಿಂದ ತಿಪಟೂರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಕೇಳುವುದು ಇದೊಂದೇ ಪ್ರಶ್ನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು, ಅಮೆರಿಕದ ಸಂವಿಧಾನದ ಬಗ್ಗೆ ಮಕ್ಕಳಿಗೆ ಗೌರವದಿಂದ ಹೇಳಿಕೊಟ್ಟವರು. "ಅಲ್ಲ ಕಣೇ, ಅಷ್ಟು ಹಳೇ ಪ್ರಜಾಪ್ರಭುತ್ವ, ಅಷ್ಟು ಓದಿದ ಜನ. ಅಧ್ಯಕ್ಷರ ಚುನಾವಣೆ ಅಂದ್ರೆ ಅಲ್ಲೂ ಇದೇನಾ? ಕೋಟಿನ ಮೇಲೆ ಧ್ವಜದ ಪಿನ್ ಚುಚ್ಚಿಕೊಂಡಿಲ್ಲ ಅಂತ ಗಲಾಟೆ, ಓಟಿಗೋಸ್ಕರ ಸಿಕ್ಕಸಿಕ್ಕವರ ಮೂಗಿಗೆಲ್ಲ ತುಪ್ಪ. ಜನಕ್ಕೆ ಗೊತ್ತಾಗಲ್ವಾ?" ಊರಿನ ಗೆಳತಿಯರೂ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ನನಗೇ ಸಮಾಧಾನವಾಗಿಲ್ಲ. ಪೂರ್ತಿ ಉತ್ತರ ಇಲ್ಲಿದೆ.

ಜನಕ್ಕೆ ಗೊತ್ತಾಗುತ್ತದೆ ಚಿಕ್ಕಪ್ಪ. ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

2008ರಲ್ಲಿ ನಾವು ಇಂಡಿಯಾನಾದಲ್ಲಿದ್ದೆವು. ನನಗಾಗ ಮತ ಇರಲಿಲ್ಲ. ಒಂದು ಹಳೆಯ ಕೊರೊಲ್ಲಾ ಕಾರಿತ್ತು, ಟ್ಯಾಂಕಿಗೆ ಸುಮಾರು 12 ಗ್ಯಾಲನ್, ಅಂದರೆ 45 ಲೀಟರ್ ಹಿಡಿಯುತ್ತಿತ್ತು. ಏಪ್ರಿಲ್ ಕೊನೆಗೆ ಪೆಟ್ರೋಲ್ ಗ್ಯಾಲನ್ನಿಗೆ ಮೂರೂವರೆ ಡಾಲರ್ ದಾಟಿ ದಿನದಿನಕ್ಕೂ ಏರುತ್ತಿತ್ತು. ಆ ತಿಂಗಳ ಮಧ್ಯದಲ್ಲೇ, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಒಂದು ಮಾತು ಕೊಟ್ಟರು: ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರಿನ ಲೇಬರ್ ಡೇವರೆಗೆ ಪೆಟ್ರೋಲಿನ ಮೇಲಿನ ಕೇಂದ್ರ ತೆರಿಗೆಗೆ ರಜೆ. ತಿಂಗಳು ಮುಗಿಯುವುದರೊಳಗೆ ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಕೂಡ ತಮ್ಮದೂ ಅದೇ ಎಂದರು. ತೈಲ ಕಂಪನಿಗಳ ಲಾಭದಿಂದ ಆ ಹಣ ತುಂಬಿಸುತ್ತೇವೆ ಎನ್ನುವುದಷ್ಟೇ ಅವರು ಸೇರಿಸಿದ ಮಾತು. ಅದೇ ಪಕ್ಷದ ಬರಾಕ್ ಒಬಾಮ ಮಾತ್ರ ಬೇಡ ಎಂದರು. ಮೇ 6ಕ್ಕೆ ನಮ್ಮ ರಾಜ್ಯದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಎಂದು ಆರಿಸುವ ಮತದಾನ. ಇಡೀ ಪ್ರಚಾರ ನಮ್ಮ ಪೆಟ್ರೋಲ್ ಬಂಕುಗಳ ಮುಂದೆ ಬಂದು ನಿಂತಿತು.

ಆ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್. 1993ರಿಂದ ಅದನ್ನು ಏರಿಸಿರಲಿಲ್ಲ. ಒಂದು ರಾತ್ರಿ ಊಟ ಮುಗಿಸಿ, ಬಂಕಿನ ರಸೀದಿಯ ಹಿಂದೆಯೇ ಲೆಕ್ಕ ಹಾಕಿದೆ. ಹನ್ನೆರಡು ಗ್ಯಾಲನ್ನಿಗೆ 2 ಡಾಲರ್ 20 ಸೆಂಟ್ ಉಳಿತಾಯ. ವಾರಕ್ಕೊಂದು ಸಲ ತುಂಬಿಸಿದರೆ ಹದಿನಾಲ್ಕು ವಾರಕ್ಕೆ ಮೂವತ್ತು, ಮೂವತ್ತೊಂದು ಡಾಲರ್. ಅದೂ ಇಡೀ ಬೇಸಿಗೆಗೆ! ಒಬಾಮ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದೇ ಮೂವತ್ತು ಡಾಲರ್. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು.

ಆ ಅರೆಕಾಸೂ ನಮ್ಮ ಕೈ ಸೇರುವುದು ಖಾತ್ರಿ ಇರಲಿಲ್ಲ. ಬೇಸಿಗೆಯಲ್ಲಿ ರಿಫೈನರಿಗಳು ಮೊದಲೇ ಪೂರ್ತಿ ಸಾಮರ್ಥ್ಯದಲ್ಲಿ ಓಡುತ್ತಿರುತ್ತವೆ. ತೆರಿಗೆ ಇಳಿಯಿತೆಂದು ಜನ ಇನ್ನಷ್ಟು ಓಡಾಡಿದರೆ, ಸರಕು ಅಷ್ಟೇ ಇರುವುದರಿಂದ ಬೆಲೆ ಮತ್ತೆ ಮೇಲೇರುತ್ತದೆ, ಉಳಿದ ದುಡ್ಡು ತೈಲ ಕಂಪನಿಗೆ ಹೋಗುತ್ತದೆ. 200ಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಇದನ್ನೇ ಹೇಳಿ ಬಹಿರಂಗ ಪತ್ರ ಬರೆದರು. ಟಿವಿಯಲ್ಲಿ ಆ ಬಗ್ಗೆ ಕೇಳಿದಾಗ, ಅರ್ಥಶಾಸ್ತ್ರಜ್ಞರ ಜೊತೆ ನಾನು ಸೇರುವುದಿಲ್ಲ ಎಂಬರ್ಥದಲ್ಲಿ ಕ್ಲಿಂಟನ್ ಉತ್ತರಿಸಿದರು. ನನಗೆ ನೋವಾದದ್ದು ಆಗ. ಆ ಹೆಂಗಸಿನ ಓದು, ದುಡಿಮೆ ಎರಡರ ಬಗ್ಗೆಯೂ ನನಗೆ ಗೌರವವಿತ್ತು. ಗೊತ್ತಿಲ್ಲದೆ ಆಡಿದ ಮಾತಲ್ಲ ಅದು.

ಒಬಾಮ ಇದರಲ್ಲಿ ಹುಟ್ಟಾ ಪ್ರಾಮಾಣಿಕರು ಎಂದೂ ಅಲ್ಲ. 2000ದಲ್ಲಿ ಇಲಿನಾಯ್ ರಾಜ್ಯದ ಸೆನೆಟರ್ ಆಗಿದ್ದಾಗ ಅವರೇ ಇಂಥದೊಂದು ತೆರಿಗೆ ರಜೆಗೆ ಮತ ಹಾಕಿದ್ದರು. ಅದರಿಂದ ಜನರಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೇ, ಅದರಿಂದಲೇ ಕಲಿತೆ ಎಂದು ಈಗ ಒಪ್ಪಿಕೊಂಡರು. ಮಾಡಿದ ತಪ್ಪನ್ನು ಪ್ರಚಾರದ ನಡುವೆ ಹೀಗೆ ಹೇಳಿಕೊಂಡದ್ದು ನನಗೆ ಹಿಡಿಸಿತು.

ಮೇ 6ರಂದು ಇಂಡಿಯಾನಾದಲ್ಲಿ ಕ್ಲಿಂಟನ್ ಗೆದ್ದರು, ಆದರೆ ಕೂದಲೆಳೆಯಷ್ಟು ಅಂತರದಲ್ಲಿ. ಅದೇ ದಿನ ನಾರ್ತ್ ಕ್ಯಾರೊಲಿನಾದಲ್ಲಿ ಒಬಾಮ ಭಾರಿ ಅಂತರದಿಂದ ಗೆದ್ದರು. ಪೆಟ್ರೋಲ್ ಒಂದರಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಬೀದಿಯಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬರು, ಓದು ಹೈಸ್ಕೂಲಿಗೇ ನಿಂತವರು, ನಾನು ರಸೀದಿಯ ಹಿಂದೆ ಬರೆದ ಲೆಕ್ಕವನ್ನು ಬೇಲಿಯಾಚೆ ನಿಂತು ಬಾಯಲ್ಲೇ ಹೇಳಿಬಿಟ್ಟರು. ಹೇಳಿ, "ಇದರಲ್ಲಿ ರಸ್ತೆ ರಿಪೇರಿಗೆ ಯಾರು ಕೊಡುತ್ತಾರೆ?" ಎಂದರು. ಆ ತೆರಿಗೆಯೇ ಹೆದ್ದಾರಿ ನಿಧಿಗೆ ಆಧಾರ. ತೆರಿಗೆಗೆ ರಜೆ ಸಿಗಲಿಲ್ಲ, ಆದರೂ ಸೆಪ್ಟೆಂಬರಿನ ಹೊತ್ತಿಗೆ ಆ ನಿಧಿ ಬರಿದಾಗುತ್ತಾ ಬಂದು, ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಸರ್ಕಾರದ ಬೊಕ್ಕಸದಿಂದ 8 ಶತಕೋಟಿ ಡಾಲರ್ ತುಂಬಬೇಕಾಯಿತು. ಜನ ದಡ್ಡರು ಎನ್ನುವ ಮಾತು ಬಂದಾಗಲೆಲ್ಲ ನನಗೆ ಆ ಬೇಲಿ ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಪಿನ್ನಿನ ಗಲಾಟೆ? ಅದೂ ಅದೇ ಏಪ್ರಿಲ್‌ನದು. 16ನೇ ತಾರೀಖು ಫಿಲಡೆಲ್ಫಿಯಾದಲ್ಲಿ ಒಬಾಮ, ಕ್ಲಿಂಟನ್ ನಡುವೆ ಎಬಿಸಿ ವಾಹಿನಿಯ ಚರ್ಚೆ. ಇರಾಕಿನಲ್ಲಿ ಯುದ್ಧ ನಡೆಯುತ್ತಿತ್ತು, ಮನೆ ಸಾಲ ಕಟ್ಟಲಾಗದೆ ಜನ ಮನೆ ಕಳೆದುಕೊಳ್ಳುತ್ತಿದ್ದರು. ಚರ್ಚೆಯ ಮೊದಲ ಮುಕ್ಕಾಲು ಗಂಟೆ ಬಹುಪಾಲು ಹೋದದ್ದು ಯಾರು ಎಲ್ಲಿ ಬಾಯಿ ತಪ್ಪಿದರು, ಯಾರಿಗೆ ಯಾರ ಪರಿಚಯ, ಒಬಾಮ ಕೋಟಿನ ಮೇಲೆ ಧ್ವಜದ ಪಿನ್ ಯಾಕಿಲ್ಲ ಎನ್ನುವುದಕ್ಕೆ. ಕೊನೆಯಲ್ಲಿ ಸಭಿಕರೇ ನಿರೂಪಕರನ್ನು ಕೂಗಾಡಿ ಮೂದಲಿಸಿದರು.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಸೆಪ್ಟೆಂಬರ್. 7ನೇ ತಾರೀಖು ಭಾನುವಾರ ಸರ್ಕಾರ ಫ್ಯಾನಿ ಮೇ, ಫ್ರೆಡಿ ಮ್ಯಾಕ್ ಎಂಬ ಎರಡು ಭಾರಿ ಗೃಹಸಾಲ ಸಂಸ್ಥೆಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ದೇಶದ ಅಡಿಪಾಯವೇ ಅಲುಗಾಡಿದ ಸುದ್ದಿ ಅದು. ಎರಡು ದಿನ ಕಳೆದು ಒಬಾಮ ಒಂದು ಸಭೆಯಲ್ಲಿ, ಹಂದಿಗೆ ಲಿಪ್‌ಸ್ಟಿಕ್ ಹಚ್ಚಿದರೂ ಅದು ಹಂದಿಯೇ ಎಂಬ ಇಲ್ಲಿನ ಹಳೆಯ ಗಾದೆ ಹೇಳಿದರು. ಅದು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಸಾರಾ ಪೇಲಿನ್ ಅವರಿಗೆ ಮಾಡಿದ ಅವಮಾನ ಎಂದು ಮೆಕೇನ್ ಕಡೆಯವರು ಎದ್ದರು. ಆಮೇಲೆ ಟಿವಿಯಲ್ಲಿ ಬರೀ ಹಂದಿ, ಬರೀ ಲಿಪ್‌ಸ್ಟಿಕ್. ಮುಂದಿನ ಸೋಮವಾರ, 15ನೇ ತಾರೀಖು, ಲೇಮನ್ ಬ್ರದರ್ಸ್ ಎಂಬ ಭಾರಿ ಹೂಡಿಕೆ ಬ್ಯಾಂಕು ದಿವಾಳಿಯಾಯಿತು. ನಮ್ಮ ಪರಿಚಯದವರಲ್ಲೇ ಎಷ್ಟೋ ಜನರ ನೌಕರಿ ಹೋಗಿ, ವೀಸಾ ಉಳಿಯದೆ, ಸಾಮಾನು ಮಾರಿ ಬೆಂಗಳೂರಿಗೆ ಮರಳಿದರು. ಅವರಲ್ಲಿ ಒಬ್ಬರ ಮನೆಯ ತೊಟ್ಟಿಲು ನನ್ನ ಮಗಳಿಗೆ ಬಂತು. ಆ ಒಂದು ವಾರ ಅಭ್ಯರ್ಥಿಗಳನ್ನು ಬ್ಯಾಂಕುಗಳ ಬಗ್ಗೆ ಬೆನ್ನುಹತ್ತಿ ಕೇಳಿದ್ದರೆ ದಿವಾಳಿ ತಪ್ಪುತ್ತಿರಲಿಲ್ಲ. ಆದರೆ ದೇಶವನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎನ್ನುವುದು ನಮಗೆ ಗೊತ್ತಾಗುತ್ತಿತ್ತು.

ಬ್ಯಾಂಕಿನ ಬಗ್ಗೆ ಮಾತಾಡಲು ಓದಿರಬೇಕು, ಲಿಪ್‌ಸ್ಟಿಕ್ ಬಗ್ಗೆ ಯಾರು ಬೇಕಾದರೂ ಮಾತಾಡಬಹುದು. ವಾಹಿನಿಗೆ ಅದರಲ್ಲಿ ಖರ್ಚಿಲ್ಲ, ಅಭ್ಯರ್ಥಿಗೆ ಅಪಾಯವಿಲ್ಲ. ಓಲೈಕೆಗೆ ಇನ್ನೊಂದು ಕಾರಣ ಇಲ್ಲಿನ ಚುನಾವಣೆಯ ಕಟ್ಟಡದಲ್ಲೇ ಇದೆ. ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿದ 538 ಎಲೆಕ್ಟೋರಲ್ ಮತಗಳು, ಗೆಲ್ಲಲು 270 ಬೇಕು. ಎರಡು ರಾಜ್ಯ ಬಿಟ್ಟು ಉಳಿದೆಲ್ಲ ಕಡೆ, ಗೆದ್ದವರಿಗೆ ಆ ರಾಜ್ಯದ ಅಷ್ಟೂ ಮತ. ಹಾಗಾಗಿ ಅತ್ತಿತ್ತ ತೂಗಾಡುವ ಆರೇಳು ರಾಜ್ಯಗಳ ಜನರ ಮೂಗಿಗೆ ಮಾತ್ರ ತುಪ್ಪ. 2024ರ ಜೂನಿನಲ್ಲಿ ಡೊನಾಲ್ಡ್ ಟ್ರಂಪ್ ಹೋಟೆಲ್ ಕೆಲಸಗಾರರ ಟಿಪ್ಸ್ ಮೇಲೆ ತೆರಿಗೆ ಇಲ್ಲ ಎಂದದ್ದು ನೆವಾಡಾದ ಲಾಸ್ ವೇಗಸ್‌ನಲ್ಲಿ. ಆಗಸ್ಟಿನಲ್ಲಿ ಕಮಲಾ ಹ್ಯಾರಿಸ್ ನಾನೂ ಹಾಗೇ ಮಾಡುತ್ತೇನೆ ಎಂದದ್ದೂ ಅದೇ ಲಾಸ್ ವೇಗಸ್‌ನಲ್ಲಿ. ಟಿಪ್ಸ್ ಸಿಗದ ಅಡುಗೆಮನೆಯ ಪಾತ್ರೆ ತೊಳೆಯುವವರಿಗೆ ಆ ಮಾತಿನಲ್ಲಿ ಏನೂ ಇರಲಿಲ್ಲ.

ಇಷ್ಟನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ಹೇಳದೆ ಉಳಿಸಿಕೊಂಡಿದ್ದು ನಮ್ಮದೇ ಕಥೆ.

2019ರ ನವೆಂಬರಿನಲ್ಲಿ, ಆಗ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತಿದ್ದ ಡೆಮಾಕ್ರಟಿಕ್ ಸೆನೆಟರ್, ತಾಯಿಯ ಕಡೆಯಿಂದ ತಮಿಳು ಮೂಲದ ಹ್ಯಾರಿಸ್, ನಟಿ ಮಿಂಡಿ ಕೇಲಿಂಗ್ ಮನೆಯಲ್ಲಿ ಮಸಾಲೆ ದೋಸೆ ಮಾಡಿದ ವಿಡಿಯೋ ಬಂತು. ನಾನು ಅದನ್ನು ಮೂರು ಸಲ ನೋಡಿದೆ. ಸುಳ್ಳು ಹೇಳುವುದಿಲ್ಲ, ಕಣ್ಣು ತುಂಬಿತು. ನಮ್ಮ ಹಿಟ್ಟು, ನಮ್ಮ ಕಾವಲಿ, ಅಂಥ ಕುರ್ಚಿಯ ಹತ್ತಿರ! ಕನ್ನಡ ಕೂಟದ ಗುಂಪಿನಲ್ಲಿ ಹತ್ತಾರು ಕಡೆಯಿಂದ ಅದೇ ವಿಡಿಯೋ. ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ಹ್ಯಾರಿಸ್, ರಿಪಬ್ಲಿಕನ್ ಸೆನೆಟರ್ ಮೈಕ್ ಲೀ ಜೊತೆ ಸೇರಿ ಒಂದು ಮಸೂದೆ ಮಂಡಿಸಿದ್ದರು. ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಯಲ್ಲಿ ಯಾವ ದೇಶಕ್ಕೂ 7 ಶೇಕಡಾಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯನ್ನು ಉದ್ಯೋಗದ ಮೇಲೆ ಬಂದವರ ಮಟ್ಟಿಗೆ ತೆಗೆಯುವ ಮಸೂದೆ. ಆ ಮಿತಿಯಿಂದಲೇ ನಮ್ಮವರು ಹತ್ತಾರು ವರ್ಷ ಸಾಲಿನಲ್ಲಿ ನಿಂತಿರುವುದು. ಜುಲೈನಲ್ಲಿ ಕೆಳಮನೆಯಲ್ಲಿ ಅದರ ಜೋಡಿ ಮಸೂದೆ 365ಕ್ಕೆ 65 ಮತಗಳಿಂದ ಪಾಸಾಯಿತು. ಮುಂದೆ ಸೆನೆಟ್ ಬೇರೆ ರೂಪದಲ್ಲಿ ಒಪ್ಪಿತು, ಎರಡೂ ಹೊಂದಿಕೆಯಾಗದೆ ಅಲ್ಲಿಗೇ ಬಿತ್ತು. ಆ ಮಸೂದೆಯ ಸುದ್ದಿಯನ್ನು ನಮ್ಮ ಗುಂಪಿಗೆ ಹಾಕಿದವರು ಇಬ್ಬರು. ದೋಸೆಯನ್ನು ಹಂಚಿದವರಲ್ಲಿ ನಾನೂ ಇದ್ದೆ, ಆ ಇಬ್ಬರಲ್ಲಿ ಇರಲಿಲ್ಲ.

ಆಚೆ ಪಕ್ಷಕ್ಕೂ ಇದು ಗೊತ್ತು. 2016ರಲ್ಲಿ ಟ್ರಂಪ್ ಹಿಂದಿಯಲ್ಲಿ "ಅಬ್ ಕೀ ಬಾರ್ ಟ್ರಂಪ್ ಸರ್ಕಾರ್" ಎಂದು ಜಾಹೀರಾತು ಮಾಡಿದಾಗ ಖುಷಿಪಟ್ಟವರು ನನ್ನ ಪರಿಚಯದಲ್ಲೇ ಇದ್ದಾರೆ. 2024ರ ಜೂನಿನಲ್ಲಿ ಅವರು ಒಂದು ಪಾಡ್‌ಕಾಸ್ಟಿನಲ್ಲಿ, ಇಲ್ಲಿ ಕಾಲೇಜು ಮುಗಿಸಿದವರಿಗೆ ಪದವಿಯ ಜೊತೆಗೇ ಗ್ರೀನ್ ಕಾರ್ಡ್ ಸಿಗಬೇಕು ಎಂದರು. ದೊಡ್ಡಪ್ಪನ ಮಗ ಅದನ್ನು ನನಗೆ ಕಳಿಸಿ "ಅಕ್ಕ, ಇದು ಆಗುತ್ತಾ?" ಎಂದು ಕೇಳಿದ. ಇಲ್ಲಿ ಎಂ.ಎಸ್. ಮಾಡಿದವನು, 2016ರಿಂದ ಸಾಲಿನಲ್ಲಿದ್ದಾನೆ. 2024ರ ನವೆಂಬರಿನಲ್ಲಿ, ಮತದಾನದ ತಿಂಗಳಲ್ಲಿ, ಅವನ ಸಾಲಿನಲ್ಲಿ ಸರದಿ ಬಂದಿದ್ದದ್ದು 2012ರಲ್ಲಿ ಅರ್ಜಿ ಹಾಕಿದವರಿಗೆ. ಎಲ್ಲರಿಗೂ ಅಲ್ಲ, ಕಟ್ಟುನಿಟ್ಟಾಗಿ ಸೋಸಿದ ಮೇಲೆ ಮಾತ್ರ ಎಂದು ಟ್ರಂಪ್ ಪ್ರಚಾರ ತಂಡದವರು ತಿದ್ದಿ ಹೇಳಲು ತಡವಾಗಲಿಲ್ಲ. ಅದನ್ನು ಅವನಿಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ.

2025ರ ಸೆಪ್ಟೆಂಬರ್ 19ರಂದು ಬಂದದ್ದು ಎಚ್‌-1ಬಿ ಎಂಬ ಉದ್ಯೋಗದ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ. ಅವನು ಆಗ ತಿಪಟೂರಿನಲ್ಲಿದ್ದ. ಭಾನುವಾರ ಮಹಾಲಯ ಅಮಾವಾಸ್ಯೆ, ದೊಡ್ಡಪ್ಪ ಹೋದ ಮೇಲೆ ಬಂದ ಮೊದಲ ಪಿತೃಪಕ್ಷ. ಶನಿವಾರ ಬೆಳಗ್ಗೆ ಎದ್ದರೆ ಕಂಪನಿಯ ವಕೀಲರ ಇಮೇಲ್: ದೇಶದ ಹೊರಗಿರುವವರು ನಾಳೆಯೊಳಗೆ ವಾಪಸು ಬನ್ನಿ. ಬ್ಯಾಗು ಬಿಚ್ಚಿದ್ದದ್ದು ಬಿಚ್ಚಿದ ಹಾಗೇ ಕಾರು ಹತ್ತಿ ವಿಮಾನ ನಿಲ್ದಾಣಕ್ಕೆ ಹೊರಟ. ಈ ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಎಂದು ಸ್ಪಷ್ಟನೆ ಬರುವಾಗ ಅವನು ಆಕಾಶದಲ್ಲಿದ್ದ.

ಮರುದಿನ ಚಿಕ್ಕಪ್ಪ ಫೋನ್ ಮಾಡಿದಾಗ ಆ ಹಳೆಯ ಪ್ರಶ್ನೆ ಕೇಳಲಿಲ್ಲ. ಅವನ ಬದಲು ತಾವೇ ಕೂತು ಅಣ್ಣನಿಗೆ ತರ್ಪಣ ಬಿಟ್ಟೆ ಎಂದರು. ಅವನು ಊಟ ಮಾಡಿದನಾ ಎಂದು ಕೇಳಿದರು.