ಹಿಮದ ಇಳಿಜಾರಿನಲ್ಲಿ ಹೊಣೆ ಮೇಲಿರುವವರದು: ಮೊದಲ ಬಾರಿ ಸ್ಕೀಯಿಂಗ್‌ಗೆ ಹೊರಡುವವರಿಗೆ

ಆಲ್ಪ್ಸ್ ಪರ್ವತಶ್ರೇಣಿಯ ಒಂದು ಸ್ಕೀ ತಾಣದಲ್ಲಿ ನಾನೂ ನನ್ನ ತಂಗಿಯೂ ಆರು ದಿನ ಕಳೆದು ಬಂದೆವು. ಇಬ್ಬರೂ ನಲವತ್ತು ದಾಟಿದವರು. ಅದಕ್ಕೆ ಮೊದಲು ಕಾಲಿಗೆ ಸ್ಕೀ ಕಟ್ಟಿಕೊಂಡವರಲ್ಲ. ಹೊರಡುವ ಮುನ್ನ ನಾವು ಓದಿಕೊಂಡದ್ದೆಲ್ಲ ಯಾವ ಬಟ್ಟೆ ಬೆಚ್ಚಗಿರುತ್ತದೆ, ತಿರುಗುವುದು ಹೇಗೆ, ನಿಲ್ಲುವುದು ಹೇಗೆ ಎಂಬ ಸಂಗತಿಗಳನ್ನೇ. ಅದೇ ಇಳಿಜಾರಿನಲ್ಲಿ ನಮ್ಮ ಹಿಂದೆ, ಮುಂದೆ, ಪಕ್ಕದಲ್ಲಿ ನೂರಾರು ಜನ ಇಳಿಯುತ್ತಿರುತ್ತಾರೆ, ಅವರ ನಡುವೆ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆ ನಮಗೆ ಹೊಳೆದಿರಲೇ ಇಲ್ಲ. ಅದು ಹೊಳೆದದ್ದು ಮೂರನೆಯ ದಿನ, ನನ್ನದೇ ತಪ್ಪಿನಿಂದ.

ಅಂದು ಬೆಳಿಗ್ಗೆ ತರಗತಿ ಮುಗಿಸಿ ನಾವಿಬ್ಬರೇ ಒಂದು ಸುಲಭದ ದಾರಿಯಲ್ಲಿ ಇಳಿಯುತ್ತಿದ್ದೆವು. ನಡುವೆ ಒಂದು ಸಣ್ಣ ದಿಬ್ಬ. ಅದನ್ನು ದಾಟಿದೊಡನೆ ಕೈಗವಸು ಸಡಿಲವಾಯಿತೆಂದು, ದಾರಿಯ ನಟ್ಟನಡುವೆ ನಿಂತು ಸರಿಪಡಿಸಿಕೊಳ್ಳತೊಡಗಿದೆ. ಗಟ್ಟಿ ಹಿಮವನ್ನು ಕಬ್ಬಿಣದ ಅಂಚು ಕೆರೆಯುವ ಸದ್ದು ಮೊದಲು ಕೇಳಿಸಿತು. ತಲೆ ಎತ್ತುವಷ್ಟರಲ್ಲಿ ದಿಬ್ಬದ ಮೇಲಿಂದ ಬಂದ ಒಬ್ಬರು ಮೈಯನ್ನು ಪೂರ್ತಿ ಪಕ್ಕಕ್ಕೆ ಚೆಲ್ಲಿ ಬಿದ್ದರು. ಅವರ ಸ್ಕೀಯ ತುದಿ ನನ್ನ ಬೂಟಿನಿಂದ ಒಂದು ಗೇಣು ದೂರದಲ್ಲಿ ನಿಂತಿತು, ಎದ್ದ ಹಿಮದ ಪುಡಿ ನನ್ನ ಗಾಗಲ್ಸ್ ಮೇಲೆಲ್ಲ ಬಡಿಯಿತು. ಅವರು ಬೈಯಲಿಲ್ಲ. ಏಳುತ್ತ ನನಗೆ ಪೆಟ್ಟಾಯಿತೇ ಎಂದು ಕೇಳಿ, ಕೈಯಲ್ಲಿದ್ದ ಕೋಲಿನಿಂದ ಮೊದಲು ದಿಬ್ಬವನ್ನೂ ಆಮೇಲೆ ದಾರಿಯ ಅಂಚನ್ನೂ ತೋರಿಸಿ ಹೊರಟುಹೋದರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ಸಂಜೆ, ಜನರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್‌ನ ಬಳಿಯ ಫಲಕವನ್ನು ಮೊದಲ ಬಾರಿಗೆ ನಿಂತು ಓದಿದೆ. ಅದರಲ್ಲಿದ್ದವು ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ, ಅಂದರೆ ಎಫ್‌ಐಎಸ್‌ನ, 10 ನಿಯಮಗಳು. 1967ರಲ್ಲಿ ಬೈರೂತ್‌ನಲ್ಲಿ ನಡೆದ ಒಕ್ಕೂಟದ ಸಮ್ಮೇಳನದಲ್ಲಿ ಅಂಗೀಕಾರವಾದ ಈ ನಿಯಮಗಳು ಸ್ಕೀ ಮಾಡುವವರಿಗೂ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಸ್ನೋಬೋರ್ಡ್‌ನಲ್ಲಿ ಇಳಿಯುವವರಿಗೂ ಸಮಾನವಾಗಿ ಅನ್ವಯಿಸುತ್ತವೆ. ಯಾವ ಸಂಸತ್ತೂ ಮಾಡಿದ ಕಾನೂನು ಇವಲ್ಲವಾದರೂ, ಡಿಕ್ಕಿಯಾಗಿ ಮೊಕದ್ದಮೆ ಹೂಡಿದಾಗ ತಪ್ಪು ಯಾರದೆಂದು ನಿರ್ಧರಿಸಲು ಆಲ್ಪ್ಸ್ ದೇಶಗಳ ನ್ಯಾಯಾಲಯಗಳು ಇವನ್ನೇ ಅಳತೆಗೋಲಾಗಿ ಬಳಸುತ್ತವೆ. ಆದ್ದರಿಂದ ಇವನ್ನು ಶಿಷ್ಟಾಚಾರದ ಸಲಹೆಗಳೆಂದು ಓದಿ ಮರೆಯುವಂತಿಲ್ಲ.

ಹತ್ತನ್ನೂ ಬಾಯಿಪಾಠ ಮಾಡಲಾಗದವರು ಮೂರನೆಯದನ್ನಾದರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಹಿಂದಿನಿಂದ, ಅಂದರೆ ಮೇಲಿನಿಂದ, ಬರುವವರು ಮುಂದಿರುವವರಿಗೆ ಅಪಾಯವಾಗದಂತೆ ತಮ್ಮ ದಾರಿಯನ್ನು ಆರಿಸಿಕೊಳ್ಳಬೇಕು. ಮುಂದಿರುವವರು ನಿಧಾನವಾಗಿ ಹೋಗಲಿ, ತಡವರಿಸಲಿ, ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಲಿ, ಹೊಣೆ ಮೇಲಿರುವವರದೇ. ವಾಹನ ಓಡಿಸಿ ಅಭ್ಯಾಸವಿರುವವರಿಗೆ ಇದು ಮೊದಲು ವಿಚಿತ್ರವೆನಿಸುತ್ತದೆ, ಏಕೆಂದರೆ ಇಲ್ಲಿ ಕನ್ನಡಿಯಿಲ್ಲ, ಸೂಚಕ ದೀಪವಿಲ್ಲ, ಎಡ ಬಲ ಎಂಬ ಸಾಲುಗಳಿಲ್ಲ. ಮುಂದಿರುವವರ ಬೆನ್ನಿಗೆ ಕಣ್ಣಿಲ್ಲ ಎಂಬ ಸರಳ ಸತ್ಯದ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಎಡದಿಂದಲೋ ಬಲದಿಂದಲೋ ಹಿಂದಿಕ್ಕಬಹುದು, ಆದರೆ ಅವರು ಬೇಕಾದಂತೆ ತಿರುಗಲು ಸಾಕಷ್ಟು ಜಾಗ ಬಿಟ್ಟಿರಬೇಕು. ಕೂಗಿ ಎಚ್ಚರಿಸಿದರೆ ಸಾಕೆಂದು ತಿಳಿಯಬಾರದು. ಒಬ್ಬ ಹುಡುಗ ಹಿಂದಿನಿಂದ ಕೂಗಿದಾಗ ನನ್ನ ತಂಗಿ ಗಾಬರಿಯಿಂದ ಸದ್ದು ಬಂದ ಕಡೆಗೇ ತಿರುಗಿ, ಅವನ ದಾರಿಗೇ ಅಡ್ಡವಾದಳು. ಕಲಿಯುವವರು ತಾವು ನೋಡುವ ಕಡೆಗೇ ಜಾರುತ್ತಾರೆ.

ನಾನು ಮುರಿದದ್ದು ಆರನೆಯ ನಿಯಮ. ಕಿರಿದಾದ ಜಾಗದಲ್ಲಾಗಲಿ, ಮೇಲಿನವರಿಗೆ ಕಾಣದ ಜಾಗದಲ್ಲಾಗಲಿ ಅನಿವಾರ್ಯವಲ್ಲದೆ ನಿಲ್ಲಬಾರದು. ಅಲ್ಲಿ ಬಿದ್ದರೂ ಆದಷ್ಟು ಬೇಗ ಎದ್ದು ಜಾಗ ಬಿಡಬೇಕು. ದಿಬ್ಬದ ಕೆಳಗೆ, ತಿರುವಿನ ಆಚೆ, ಎರಡು ದಾರಿಗಳು ಕೂಡುವಲ್ಲಿ ನಿಲ್ಲುವುದು ಬೇಡವೇ ಬೇಡ. ನಿಲ್ಲಲೇಬೇಕಾದರೆ ಅಂಚಿಗೆ ಬಂದು, ಮೇಲಿನಿಂದ ಸ್ಪಷ್ಟವಾಗಿ ಕಾಣುವಂತೆ ನಿಲ್ಲಿ. ಗುಂಪಿನಲ್ಲಿದ್ದರೆ ದಾರಿಗೆ ಅಡ್ಡಲಾಗಿ ಗೋಡೆಯಂತೆ ನಿಲ್ಲದೆ ಅಂಚಿನುದ್ದಕ್ಕೂ ಒಬ್ಬರ ಕೆಳಗೊಬ್ಬರು ನಿಲ್ಲಿ, ಕೊನೆಗೆ ಬಂದವರು ಎಲ್ಲರಿಗಿಂತ ಕೆಳಗೆ ಹೋಗಿ ನಿಲ್ಲಲಿ. ಆಗ ಅವರಿಗೆ ನಿಲ್ಲಲಾಗದೆ ಹೋದರೂ ನಿಮ್ಮ ಮೇಲೆ ಬೀಳುವುದಿಲ್ಲ. ಮತ್ತೆ ಹೊರಡುವಾಗ ಮೇಲಕ್ಕೂ ಕೆಳಕ್ಕೂ ನೋಡಿಯೇ ಹೊರಡಬೇಕು. ಮೇಲಿರುವವರದೇ ಹೊಣೆ ಎಂಬ ಮಾತು ನಿಂತಲ್ಲಿಂದ ಹೊರಡುವವರಿಗೆ ರಕ್ಷಣೆ ಕೊಡುವುದಿಲ್ಲ, ಏಕೆಂದರೆ ಆ ಕ್ಷಣದಲ್ಲಿ ದಾರಿಗೆ ಹೊಸದಾಗಿ ಸೇರುತ್ತಿರುವವರು ಅವರೇ.

ದಾರಿಗಳ ಬಣ್ಣದ ವಿಷಯ. ಯುರೋಪಿನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಕೆಲವು ದೇಶಗಳಲ್ಲಿ ನೀಲಿಗಿಂತ ಸುಲಭದ ಹಸಿರೂ ಇರುತ್ತದೆ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರಾಕೃತಿ ಎಂಬ ಬೇರೆಯೇ ಪದ್ಧತಿಯಿರುವುದರಿಂದ ಒಂದು ಖಂಡದ ನೀಲಿಯನ್ನು ನಂಬಿ ಇನ್ನೊಂದರ ನೀಲಿಗೆ ಇಳಿಯಬೇಡಿ. ಬಣ್ಣ ಹೇಳುವುದು ಆ ತಾಣದಲ್ಲಿ ಆ ದಾರಿ ಎಷ್ಟು ಕಷ್ಟವೆಂಬುದನ್ನು ಮಾತ್ರ, ಇಂದಿನ ಹಿಮ ಹೇಗಿದೆ ಎಂಬುದನ್ನಲ್ಲ: ರಾತ್ರಿ ಹೆಪ್ಪುಗಟ್ಟಿದ ನೀಲಿ ದಾರಿ ಬೆಳಿಗ್ಗೆ ಗಾಜಿನಂತಿರುತ್ತದೆ, ಅದೇ ಮಧ್ಯಾಹ್ನ ಬಿಸಿಲಿಗೆ ಕರಗಿ ಕೆಸರಿನಂತೆ ಸ್ಕೀಯನ್ನು ಹಿಡಿದುಕೊಳ್ಳುತ್ತದೆ. ಸ್ಕೀಗಳ ಮುಂದಿನ ತುದಿಗಳನ್ನು ಒಳಕ್ಕೆ ಕೂಡಿಸಿ ವೇಗ ತಗ್ಗಿಸುವ, ಮೊದಲ ದಿನವೇ ಕಲಿಸುವ ಉಪಾಯ ಕಡಿದಾದಲ್ಲಿ ಕೈಕೊಡುತ್ತದೆ. ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಲು ಸಾಧ್ಯವಾಗುವ ವೇಗವೇ ನಿಮ್ಮ ವೇಗ. ಮಂಜು ಕವಿದಾಗ, ಜನ ಹೆಚ್ಚಿದ್ದಾಗ, ಲಿಫ್ಟ್‌ನ ಸರದಿ ಸಾಲಿನ ಹತ್ತಿರ ಅದು ಇನ್ನೂ ಕಡಿಮೆ. ಕನಿಷ್ಠ ಎರಡು ದಿನ ತರಬೇತುದಾರರ ಕೈಕೆಳಗೆ ಕಲಿಯದೆ ಮೇಲಕ್ಕೆ ಹೋಗಬೇಡಿ. ಹಣ ಉಳಿಸಲೇಬೇಕೆಂದಿದ್ದರೆ ಬೇರೆಲ್ಲಾದರೂ ಉಳಿಸಿ.

ಸಲಕರಣೆಗಳನ್ನು ಬಾಡಿಗೆಗೆ ಪಡೆಯುವಾಗ ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಎಲ್ಲವನ್ನೂ ಕೇಳುತ್ತಾರೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕೆಂಬುದನ್ನು ಈ ವಿವರಗಳಿಂದಲೂ ಬೂಟಿನ ತಳದ ಉದ್ದದಿಂದಲೂ ಲೆಕ್ಕ ಹಾಕುತ್ತಾರೆ. ಸಾಲಿನಲ್ಲಿ ಹತ್ತು ಜನರ ಮುಂದೆ ನನ್ನ ತಂಗಿ ತೂಕವನ್ನು ಐದಾರು ಕಿಲೋ ಇಳಿಸಿ ಹೇಳಿದಳು. ಮರುದಿನ ಸುಮ್ಮನೆ ತಿರುಗಿದರೂ ಸ್ಕೀ ಕಳಚಿ ಬೀಳುತ್ತಿತ್ತು. "ಅಕ್ಕಾ, ಇದು ಹಾಳಾದ ಸ್ಕೀ" ಎಂದು ಅವಳು ಗೊಣಗಿದಳೇ ಹೊರತು ನಿಜ ಒಪ್ಪಿಕೊಂಡದ್ದು ಊಟದ ಹೊತ್ತಿಗೆ. ಇದಕ್ಕಿಂತ ಕೆಟ್ಟದ್ದು ಇದರ ವಿರುದ್ಧದ ಸುಳ್ಳು: ಅನುಭವ ಹೆಚ್ಚು ಹೇಳಿದರೆ ಬೈಂಡಿಂಗ್ ಬಿಗಿಯಾಗುತ್ತದೆ, ಬಿದ್ದಾಗ ಬಿಚ್ಚಿಕೊಳ್ಳದ ಉದ್ದನೆಯ ಸ್ಕೀ ಮಂಡಿಯನ್ನೇ ತಿರುಚುತ್ತದೆ. ಹೆಲ್ಮೆಟ್ ಧರಿಸಿ, ಇಟಲಿಯಲ್ಲಿ 2025ರ ನವೆಂಬರ್‌ನಿಂದ ಎಲ್ಲ ವಯಸ್ಸಿನವರಿಗೂ ಅದು ಕಡ್ಡಾಯ. ಬೀಳುವಾಗ ಕೈಯಲ್ಲಿನ ಕೋಲನ್ನು ಬಿಟ್ಟುಬಿಡಿ. ಅದನ್ನು ಹಿಡಿದೇ ಅಂಗೈ ಊರಿದರೆ ಹೆಬ್ಬೆರಳಿನ ಬುಡದ ಅಸ್ಥಿರಜ್ಜು ಹರಿಯುತ್ತದೆ, ವೈದ್ಯರು ಇದಕ್ಕೆ ಸ್ಕೀ ಮಾಡುವವರ ಹೆಬ್ಬೆರಳು ಎಂದೇ ಹೆಸರಿಟ್ಟಿದ್ದಾರೆ.

ಹಗ್ಗಕ್ಕೆ ತೂಗುವ ಕುರ್ಚಿಗಳ ಚೇರ್‌ಲಿಫ್ಟ್‌ಗೆ ಹತ್ತುವ ಮುನ್ನ ಬೆನ್ನಿನ ಚೀಲವನ್ನು ತೆಗೆದು ಎದೆಯ ಮುಂದೆ ಹಿಡಿದುಕೊಳ್ಳಿ, ನೇತಾಡುವ ಪಟ್ಟಿಗಳನ್ನು ಒಳಕ್ಕೆ ಸೇರಿಸಿ, ಕೂತೊಡನೆ ಅಡ್ಡಕಂಬಿಯನ್ನು ಇಳಿಸಿ. ಮೇಲೆ ಇಳಿದ ಕೂಡಲೇ ಜಾಗ ಖಾಲಿ ಮಾಡಿ. ಹಿಂದಿನ ಕುರ್ಚಿ ಕೆಲವೇ ಸೆಕೆಂಡುಗಳಲ್ಲಿ ಬರುತ್ತದೆ.

ಮುಚ್ಚಿದ ದಾರಿಯ ಹಗ್ಗವನ್ನು ದಾಟುವವರನ್ನು ನಾನು ದಿನಕ್ಕೊಬ್ಬರನ್ನಾದರೂ ಕಂಡೆ. ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ದಿನವೂ ಪ್ರಕಟಿಸುತ್ತಾರೆ, ಆದರೆ ಗುರುತಿಸಿದ ದಾರಿಯ ಆಚೆಗೆ ಹೋಗಲು ಆ ಸಂಖ್ಯೆಯನ್ನು ಓದಿದರೆ ಸಾಲದು. ಹೂತುಹೋದವರನ್ನು ಪತ್ತೆಹಚ್ಚುವ ಸಂಕೇತ ಸಾಧನ, ಶೋಧನ ಸರಳು, ಸಲಿಕೆ, ಇವನ್ನು ಬಳಸಬಲ್ಲ ಜೊತೆಗಾರರು ಎಲ್ಲ ಬೇಕು. ಮೊದಲ ಬಾರಿ ಹೋಗುವವರಿಗೆ ಅದು ಬೇಡವೆಂಬುದೇ ನನ್ನ ಅಭಿಪ್ರಾಯ. ಸಂಜೆ ದಾರಿ ಮುಚ್ಚಿದ ಮೇಲೆ ಇಳಿಯುವುದರಲ್ಲಿ ಇನ್ನೊಂದು ಅಪಾಯವಿದೆ. ಹಿಮವನ್ನು ಸಮತಟ್ಟು ಮಾಡುವ ಭಾರೀ ಯಂತ್ರಗಳು ಕಡಿದಾದಲ್ಲಿ ಉಕ್ಕಿನ ಹಗ್ಗಕ್ಕೆ ಕಟ್ಟಿಕೊಂಡು ಕೆಲಸ ಮಾಡುತ್ತವೆ. ಯಂತ್ರ ಎಲ್ಲೋ ದೂರದಲ್ಲಿದ್ದರೂ, ಹಿಮದಲ್ಲಿ ಮರೆಯಾಗಿದ್ದ ಆ ಹಗ್ಗ ಒಮ್ಮೆಲೇ ಬಿಗಿದು ಮೇಲಕ್ಕೆ ಚಿಮ್ಮಬಹುದು.

ಐದನೆಯ ದಿನ ನಮ್ಮ ಕಣ್ಣೆದುರೇ ಇಬ್ಬರು ಡಿಕ್ಕಿ ಹೊಡೆದುಕೊಂಡರು. ಆಗ ಸುತ್ತಲಿನವರು ಮಾಡಿದ್ದನ್ನು ಹಾಗೆಯೇ ಹೇಳುತ್ತೇನೆ. ಒಬ್ಬರು ತಮ್ಮ ಸ್ಕೀಗಳನ್ನು ಬಿಚ್ಚಿ, ಗಾಯಾಳುವಿನಿಂದ ಸಾಕಷ್ಟು ಮೇಲೆ, ಗುಣಾಕಾರದ ಚಿಹ್ನೆಯಂತೆ ಹಿಮದಲ್ಲಿ ನೆಟ್ಟರು. ಇನ್ನೊಬ್ಬರು ಅಂಚಿನ ಕಂಬದ ಮೇಲಿದ್ದ ಸಂಖ್ಯೆಯನ್ನೂ ದಾರಿಯ ಹೆಸರನ್ನೂ ರಕ್ಷಣಾ ತಂಡಕ್ಕೆ ಫೋನಿನಲ್ಲಿ ತಿಳಿಸಿದರು. ಹೆಲ್ಮೆಟ್ ತೆಗೆಯಲು, ಎತ್ತಿ ಕೂರಿಸಲು ಯಾರೂ ಮುಂದಾಗಲಿಲ್ಲ, ಮೈಮೇಲೆ ಕೋಟು ಹೊದಿಸಿ ಮಾತನಾಡಿಸುತ್ತ ಕಾದರು. ನೆರವಾಗುವುದು ಒಂಬತ್ತನೆಯ ನಿಯಮ. ಹತ್ತನೆಯದರ ಪ್ರಕಾರ ಡಿಕ್ಕಿಯಾದವರು ಮಾತ್ರವಲ್ಲ, ಸಾಕ್ಷಿಗಳೂ, ತಪ್ಪು ಯಾರದೇ ಇರಲಿ, ಹೆಸರು ವಿಳಾಸ ಕೊಡಬೇಕು. ನಾವೂ ಕೊಟ್ಟೆವು. ಸ್ಥಳೀಯ ರಕ್ಷಣಾ ತಂಡದ ದೂರವಾಣಿ ಸಂಖ್ಯೆ ದಾರಿಗಳ ನಕ್ಷೆಯಲ್ಲಿರುತ್ತದೆ. ಅದನ್ನು ಬೆಳಿಗ್ಗೆಯೇ ಫೋನಿನಲ್ಲಿ ಉಳಿಸಿಕೊಳ್ಳಿ. ಯುರೋಪಿನ ಬಹುತೇಕ ಎಲ್ಲೆಡೆ ತುರ್ತು ಕರೆಯ ಸಂಖ್ಯೆ 112 ಕೂಡ ನಡೆಯುತ್ತದೆ.

ವಿಮೆಯ ಪತ್ರವನ್ನು ಹೊರಡುವ ಮುನ್ನವೇ ಓದಬೇಕು. ಸಾಮಾನ್ಯ ಪ್ರವಾಸ ವಿಮೆಗಳು ಅನೇಕ ವೇಳೆ ಚಳಿಗಾಲದ ಕ್ರೀಡೆಗಳನ್ನು ಹೊರಗಿಟ್ಟಿರುತ್ತವೆ, ಸೇರಿಸಿದವು ಗುರುತಿಸಿದ ದಾರಿಯ ಆಚೆಗಿನ ಅಪಘಾತವನ್ನು ಹೊರಗಿಟ್ಟಿರಬಹುದು. ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ, ನಿಮ್ಮಿಂದ ಬೇರೆಯವರಿಗೆ ಪೆಟ್ಟಾದರೆ ಪರಿಹಾರ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ. ಇಟಲಿಯಲ್ಲಿ 2022ರ ಜನವರಿಯಿಂದ ಈ ಎರಡನೆಯ ಬಗೆಯ ವಿಮೆಯಿಲ್ಲದೆ ಇಳಿಜಾರಿಗೆ ಇಳಿಯುವಂತೆಯೇ ಇಲ್ಲ.

ಕೊನೆಯದಾಗಿ, ಮಧ್ಯಾಹ್ನದ ನಂತರದ ಕಾಲುಗಳನ್ನು ನಂಬಬೇಡಿ. ತೊಡೆ ನಡುಗತೊಡಗಿದರೆ, ಎರಡು ಬಾರಿ ಕಾರಣವಿಲ್ಲದೆ ಬಿದ್ದರೆ, ಇನ್ನೊಂದೇ ಸುತ್ತು ಎನ್ನದೆ ನಿಲ್ಲಿಸಿ. ಜನರನ್ನು ಕೆಳಕ್ಕೂ ಒಯ್ಯುವ ಲಿಫ್ಟ್ ಯಾವುದು, ಅದರ ಕೊನೆಯ ಹೊತ್ತು ಯಾವುದೆಂದು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಆರನೆಯ ದಿನ ಮೂರು ಗಂಟೆಗೆ ನಾವು ಸ್ಕೀಗಳನ್ನು ಹೆಗಲಿಗೇರಿಸಿ, ಹಗ್ಗಕ್ಕೆ ತೂಗಿಕೊಂಡು ಚಲಿಸುವ ಮುಚ್ಚಿದ ಗೊಂಡೋಲದಲ್ಲಿ ಇಳಿದೆವು. ನಮ್ಮ ಎದುರಿಗೆ ಕುಳಿತಿದ್ದವರು, ಕೊರಳಪಟ್ಟಿಯಲ್ಲಿದ್ದ ಗುರುತಿನಿಂದ ತಿಳಿದಂತೆ, ಅಲ್ಲಿನ ಒಬ್ಬ ತರಬೇತುದಾರರು.